ಅಯಸ್ಕಾಂತವೂ ವಿದ್ಯುತ್ತೂ

ಶೃಂಗೇರಿಯ ಹೆಸರನ್ನು ಕೇಳಿದೊಡನೆ ನಮ್ಮ ಮನಸ್ಸಿಗೆ ಬರುವುದು ತುಂಗಾತೀರ, ವಿದ್ಯಾಶಂಕರ ದೇವಾಲಯ, ಶಾರದಾಪೀಠ, ಶಾಸ್ತ್ರವಿಚಾರ. ಭೌತವಿಜ್ಞಾನದ ಕಥೆಯೊಂದನ್ನು ಆ ಊರಿನಿಂದ ಪ್ರಾರಂಭಿಸುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಆ ಪೀಠದ ಮೂಲಪುರುಷರೆಂದು ಪರಂಪರೆಯು ಹೇಳುವ ಶಂಕರಾಚಾರ್ಯರ ಬ್ರಹ್ಮಸೂತ್ರ ಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಸೂಜಿಗಲ್ಲಿನ ವಿಚಾರವಾಗಿ ಒಂದು ವಾದವುಂಟು. ಅದನ್ನು ಮೊದಲು ಕೇಳಿದರೆ, ಸಾವಿರ ವರ್ಷಗಳ ತರುವಾಯ ಲಂಡನ್ ನಗರದಲ್ಲಿ ನಡೆದ ಒಂದು ಪ್ರಯೋಗದ ಮರ್ಮವು ನಮಗೆ ಸುಲಭವಾಗಿ ತಿಳಿಯುತ್ತದೆ.

ಸಾಂಖ್ಯರು ಹೇಳುವುದೇನೆಂದರೆ: ಪುರುಷನು ತಾನು ಚಲಿಸುವುದಿಲ್ಲ, ಆದರೂ ಅವನ ಸನ್ನಿಧಿಮಾತ್ರದಿಂದ ಪ್ರಕೃತಿಯು ಪ್ರವರ್ತಿಸುತ್ತದೆ, ಸೂಜಿಗಲ್ಲು ತಾನು ಅಲುಗದೆಯೇ ಕಬ್ಬಿಣವನ್ನು ಅಲುಗಿಸುವಂತೆ ಇದು. ಆಚಾರ್ಯರು ಈ ದೃಷ್ಟಾಂತವನ್ನು ಒಪ್ಪುವುದಿಲ್ಲ. ಸನ್ನಿಧಿಯೊಂದೇ ಕಾರಣವಾದರೆ, ಪುರುಷನ ಸನ್ನಿಧಿಯು ಎಂದೆಂದಿಗೂ ಇರುವುದರಿಂದ, ಪ್ರಕೃತಿಯ ಚಲನೆಯೂ ಎಂದೆಂದಿಗೂ ನಿಲ್ಲದೆ ನಡೆಯಬೇಕಾದೀತು. ಸೂಜಿಗಲ್ಲಿನ ಸಂಗತಿ ಹಾಗಲ್ಲ. ಅದರ ಸಾಮೀಪ್ಯವು ಒಮ್ಮೆ ಉಂಟಾಗಿ ಒಮ್ಮೆ ಇಲ್ಲವಾಗತಕ್ಕದ್ದು. ಅದನ್ನು ಒರೆಸಿ ಶುದ್ಧಮಾಡಿ ತಕ್ಕ ಕಡೆಯಲ್ಲಿ ಇಡುವ ವ್ಯಾಪಾರವೊಂದು ಬೇಕು. ಸುಮ್ಮನಿರುವುದರಿಂದ ಕಾರ್ಯವು ಹುಟ್ಟುವುದಿಲ್ಲ, ಏನಾದರೊಂದು ಬದಲಾಗಬೇಕು ಎಂಬುದು ಈ ವಾದದ ಸಾರ.

ಶ್ರೋತೃಗಳು ಇಲ್ಲಿ ಒಂದು ಮಾತನ್ನು ಮರೆಯಬಾರದು. ಆಚಾರ್ಯರು ಹೇಳುತ್ತಿದ್ದುದು ವೇದಾಂತವನ್ನು, ವಿದ್ಯುಚ್ಛಾಸ್ತ್ರವನ್ನಲ್ಲ. ಆಧುನಿಕ ವಿಜ್ಞಾನವೆಲ್ಲವೂ ನಮ್ಮ ಹಳೆಯ ಗ್ರಂಥಗಳಲ್ಲಿ ಅಡಗಿದೆಯೆಂದು ಸಾಧಿಸುವುದು ಗ್ರಂಥಗಳಿಗೂ ಗೌರವವಲ್ಲ, ವಿಜ್ಞಾನಕ್ಕೂ ಗೌರವವಲ್ಲ. ವೈಶೇಷಿಕ ಸೂತ್ರಗಳನ್ನು ರಚಿಸಿದ ಕಣಾದನು ಸೂಜಿಯು ಅಯಸ್ಕಾಂತದತ್ತ ಸರಿಯುವುದನ್ನು ಹೇಳಿ, ಅದಕ್ಕೆ ಕಾರಣವು ಅದೃಷ್ಟ, ಎಂದರೆ ಕಣ್ಣಿಗೆ ಕಾಣದ್ದು, ಎಂದು ನಿಲ್ಲಿಸಿದನು. ತಿಳಿಯದುದನ್ನು ತಿಳಿಯದೆಂದು ಹೇಳಿದ ಆ ಪ್ರಾಮಾಣಿಕತೆಯು ದೊಡ್ಡದು. ಆದರೆ ಕಾಣದ್ದನ್ನು ಕಾಣುವಂತೆ ಮಾಡಲು ಬೇಕಾದದ್ದು ತರ್ಕವೊಂದೇ ಅಲ್ಲ, ತಂತಿ, ಸೂಜಿ ಮತ್ತು ಕೈಕೆಲಸ. ಅದು ಬಂದುದು ಬಹಳ ತಡವಾಗಿ.

ಸೂಜಿಗಲ್ಲು ಎಂಬುದು ಕಬ್ಬಿಣದ ಒಂದು ಅದಿರು. ಖನಿಜಶಾಸ್ತ್ರಜ್ಞರು ಅದನ್ನು ಮ್ಯಾಗ್ನಟೈಟ್ ಎನ್ನುತ್ತಾರೆ. ಮ್ಯಾಗ್ನಟೈಟೆಲ್ಲವೂ ಕಬ್ಬಿಣವನ್ನು ಎಳೆಯುವ ಸೂಜಿಗಲ್ಲಲ್ಲ. ಅಯಸ್ಕಾಂತವು ಅದನ್ನು ಎಳೆಯುತ್ತದೆ, ಅಷ್ಟೆ. ಅದರಲ್ಲಿ ಕೆಲವು ತುಂಡುಗಳು ಮಾತ್ರ ತಾವೇ ಅಯಸ್ಕಾಂತಗಳಾಗಿರುತ್ತವೆ. ಸಿಡಿಲು ಬಡಿದಾಗ ಹರಿಯುವ ಮಹಾ ವಿದ್ಯುತ್ಪ್ರವಾಹವೇ ಇದಕ್ಕೆ ಕಾರಣವಾಗಿರಬಹುದೆಂದು ಈಚಿನ ವಿಜ್ಞಾನಿಗಳು ಊಹಿಸಿದ್ದಾರೆ. ಈ ಅದಿರನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಶೃಂಗೇರಿಯಿಂದ ದಕ್ಷಿಣಕ್ಕೆ ಬೆಟ್ಟಸಾಲನ್ನು ಹಿಡಿದು ಹೋದರೆ ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲವೂ, ಅದರಾಚೆ ಕುದುರೆಮುಖವೂ ಸಿಕ್ಕುತ್ತವೆ. ಕುದುರೆಮುಖದ ಒಡಲಲ್ಲಿ ಮ್ಯಾಗ್ನಟೈಟ್ ಅದಿರಿರುವುದನ್ನು ೧೯೧೩ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ಯರು ಗುರುತಿಸಿದರು. ಈ ಬೆಟ್ಟದ ಮುಂದಿನ ಕಥೆಗೆ ಆಮೇಲೆ ಬರೋಣ.

ಯೂರೋಪಿನಲ್ಲಿ ಅಯಸ್ಕಾಂತದ ವಿಚಾರವನ್ನು ಶಾಸ್ತ್ರದ ಮಟ್ಟಕ್ಕೆ ತಂದವನು ವಿಲಿಯಂ ಗಿಲ್ಬರ್ಟ್ ಎಂಬ ಇಂಗ್ಲಿಷ್ ವೈದ್ಯನು. ೧೬೦೦ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ, ಭೂಮಿಯೇ ಒಂದು ದೊಡ್ಡ ಅಯಸ್ಕಾಂತವೆಂದೂ, ಆದುದರಿಂದಲೇ ದಿಕ್ಸೂಚಿಯ ಮುಳ್ಳು ಉತ್ತರ ದಕ್ಷಿಣವಾಗಿ ನಿಲ್ಲುವುದೆಂದೂ ತೋರಿಸಿದನು. ಉಜ್ಜಿದ ಅಂಬರವು ಹುಲ್ಲುಕಡ್ಡಿಯನ್ನು ಎಳೆಯುವ ಗುಣವು ಇದಕ್ಕಿಂತ ಬೇರೆಯಾದುದೆಂದೂ ಅವನೇ ವಿಂಗಡಿಸಿದನು. ಈ ವಿಂಗಡಣೆಯು ಎಷ್ಟು ಗಟ್ಟಿಯಾಗಿ ನೆಲೆಗೊಂಡಿತೆಂದರೆ, ಮುಂದೆ ಇನ್ನೂರು ವರ್ಷಗಳ ಕಾಲ ವಿದ್ಯುತ್ತು ಒಂದು ಮನೆಯದು, ಅಯಸ್ಕಾಂತವು ಇನ್ನೊಂದು ಮನೆಯದು ಎಂದೇ ವಿದ್ವಾಂಸರು ಭಾವಿಸಿದ್ದರು.

೧೮೦೦ರಲ್ಲಿ ಇಟಲಿಯ ವೋಲ್ಟನು ಸತು ಮತ್ತು ಬೆಳ್ಳಿಯ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುನಡುವೆ ಉಪ್ಪುನೀರಿನಲ್ಲಿ ತೋಯಿಸಿದ ಬಟ್ಟೆಯನ್ನಿಟ್ಟು, ಎಡೆಬಿಡದೆ ಹರಿಯುವ ವಿದ್ಯುತ್ಪ್ರವಾಹವನ್ನು ಮೊದಲ ಬಾರಿಗೆ ಪಡೆದನು. ಇಪ್ಪತ್ತು ವರ್ಷಗಳ ಮೇಲೆ, ೧೮೨೦ರಲ್ಲಿ, ಕೋಪನ್‌ಹೇಗನ್ನಿನ ಅಧ್ಯಾಪಕ ಅರ್ಸ್ಟೆಡ್ಡನು ಅಂಥ ಪ್ರವಾಹವು ಹರಿಯುವ ತಂತಿಯ ಬಳಿಯಲ್ಲಿ ದಿಕ್ಸೂಚಿಯನ್ನಿಟ್ಟಾಗ ಮುಳ್ಳು ಪಕ್ಕಕ್ಕೆ ತಿರುಗಿತು. ಎರಡು ಮನೆಗಳ ನಡುವಣ ಗೋಡೆಯು ಆ ಕ್ಷಣದಲ್ಲಿ ಬಿದ್ದಿತು. ಮುಳ್ಳು ತಂತಿಯ ಕಡೆಗೆ ಎಳೆಯಲ್ಪಡಲಿಲ್ಲ, ತಂತಿಗೆ ಅಡ್ಡಲಾಗಿ ನಿಂತಿತು ಎಂಬುದೇ ಇಲ್ಲಿಯ ಆಶ್ಚರ್ಯ. ಪ್ರವಾಹದ ಸುತ್ತಲೂ ಅಯಸ್ಕಾಂತ ಪ್ರಭಾವವು ಬಳೆಯಂತೆ ಸುತ್ತಿಕೊಂಡಿರುವುದೆಂಬುದು ಇದರಿಂದ ಸಿದ್ಧವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಆಂಪೇರನು, ಒಂದೇ ದಿಕ್ಕಿಗೆ ಪ್ರವಾಹವನ್ನು ಸಾಗಿಸುವ ಎರಡು ಸಮಾಂತರ ತಂತಿಗಳು ಒಂದನ್ನೊಂದು ಆಕರ್ಷಿಸುವುದನ್ನು ತೋರಿಸಿ, ಅದಕ್ಕೆ ಗಣಿತದ ನಿಯಮವನ್ನು ಕಟ್ಟಲು ತೊಡಗಿದನು.

ವಿದ್ಯುತ್ತಿನಿಂದ ಅಯಸ್ಕಾಂತತ್ವವು ಹುಟ್ಟುವುದಾದರೆ, ಅಯಸ್ಕಾಂತದಿಂದ ವಿದ್ಯುತ್ತು ಏಕೆ ಹುಟ್ಟಬಾರದು? ಈ ಪ್ರಶ್ನೆಯನ್ನು ಅನೇಕರು ಕೇಳಿಕೊಂಡರು. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತು, ತಾನು ಕಟ್ಟುತ್ತಿದ್ದ ಪುಸ್ತಕಗಳನ್ನೇ ಓದಿ ವಿದ್ವಾಂಸನಾದ ಮೈಕೇಲ್ ಫ್ಯಾರಡೆಯು ೧೮೨೨ರಲ್ಲಿಯೇ ಇದನ್ನು ತನ್ನ ಟಿಪ್ಪಣಿಯಲ್ಲಿ ಬರೆದಿಟ್ಟನು. ಆದರೆ ತಂತಿಯ ಸುರುಳಿಯ ಪಕ್ಕದಲ್ಲಿ ಎಷ್ಟು ಬಲವಾದ ಅಯಸ್ಕಾಂತವನ್ನಿಟ್ಟರೂ ಪ್ರವಾಹವು ಕಾಣಿಸಿಕೊಳ್ಳಲಿಲ್ಲ. ೧೮೨೫ರಲ್ಲಿ ಜಿನೀವದ ಕೊಲಡೋನನು ಇದೇ ಶೋಧನೆಯನ್ನು ಕೈಕೊಂಡನು. ತನ್ನ ಅಯಸ್ಕಾಂತವು ಅಳೆಯುವ ಮುಳ್ಳನ್ನೇ ನೇರವಾಗಿ ಎಳೆದುಬಿಟ್ಟೀತೆಂಬ ಎಚ್ಚರಿಕೆಯಿಂದ ಅವನು ಮುಳ್ಳನ್ನು ಬೇರೊಂದು ಕೊಠಡಿಯಲ್ಲಿಟ್ಟನು. ಅಯಸ್ಕಾಂತವನ್ನು ಸುರುಳಿಯೊಳಕ್ಕೆ ಇಳಿಸಿ, ಆ ಕೊಠಡಿಗೆ ಹೋಗಿ ನೋಡುವನು, ಮುಳ್ಳು ನಿಶ್ಚಲವಾಗಿರುವುದು. ಪಾಪ, ಅವನು ನಡೆದುಹೋಗುವಷ್ಟರಲ್ಲಿ ಮುಳ್ಳು ಅಲುಗಿ ಹಿಂದಕ್ಕೆ ಬಂದು ನಿಂತಿರುತ್ತಿತ್ತು. ಮಹಾಶೋಧವೊಂದು ಎರಡು ಕೊಠಡಿಗಳ ನಡುವಣ ಅಂತರದಲ್ಲಿ ಕೈತಪ್ಪಿ ಹೋಯಿತು.

೧೮೩೧ನೆಯ ಇಸವಿ ಆಗಸ್ಟ್ ೨೯ರಂದು ಫ್ಯಾರಡೆಯು ಕಬ್ಬಿಣದ ಬಳೆಯೊಂದರ ಎರಡು ಪಕ್ಕಗಳಲ್ಲಿ ಬೇರೆಬೇರೆಯಾಗಿ ತಂತಿಗಳನ್ನು ಸುತ್ತಿ, ಒಂದನ್ನು ಬ್ಯಾಟರಿಗೆ ಸೇರಿಸಿ, ಇನ್ನೊಂದನ್ನು ದಿಕ್ಸೂಚಿಯ ಮುಳ್ಳಿನ ಮೇಲೆ ಹಾಯಿಸಿದನು. ಬ್ಯಾಟರಿಯನ್ನು ಸೇರಿಸಿದೊಡನೆ ಮುಳ್ಳು ಒಮ್ಮೆ ಅದುರಿತು. ಪ್ರವಾಹವು ಒಂದೇ ಸಮನಾಗಿ ಹರಿಯುತ್ತಿರುವಾಗ ಸುಮ್ಮನಾಯಿತು. ಸಂಬಂಧವನ್ನು ಕಿತ್ತೊಡನೆ ಪುನಃ ಅದುರಿತು. ಅಕ್ಟೋಬರ್ ೧೭ರಂದು ಅಯಸ್ಕಾಂತದ ಸರಳೊಂದನ್ನು ಸುರುಳಿಯೊಳಕ್ಕೆ ತಳ್ಳಿ, ಹೊರಕ್ಕೆ ಎಳೆದು, ತಳ್ಳುವಾಗಲೂ ಎಳೆಯುವಾಗಲೂ ಪ್ರವಾಹವು ಹುಟ್ಟುವುದನ್ನು ಕಂಡನು. ಅಯಸ್ಕಾಂತವು ಎದುರಿಗಿದ್ದರೆ ಸಾಲದು. ಸುರುಳಿಯ ಮೂಲಕ ಹಾಯುವ ಅಯಸ್ಕಾಂತ ಪ್ರಭಾವವು ಬದಲಾಗುತ್ತಿರಬೇಕು. ಬದಲಾವಣೆಯು ಎಷ್ಟು ವೇಗವೋ ವಿದ್ಯುದ್ಬಲವು ಅಷ್ಟು ಹೆಚ್ಚು. ಸನ್ನಿಧಿಯಿಂದಲ್ಲ, ವ್ಯಾಪಾರದಿಂದ. ಭಾಷ್ಯದ ವಾದವನ್ನು ಓದಿ ಬಂದವರಿಗೆ ಈ ಮಾತಿನಲ್ಲಿ ಪರಿಚಿತವಾದ ಧ್ವನಿಯೊಂದು ಕೇಳಿಸುತ್ತದೆ. ಭೇದವೇನೆಂದರೆ, ಅಲ್ಲಿ ಅದು ತರ್ಕದ ನಿಗಮನ; ಇಲ್ಲಿ ಅಳತೆಗೆ ಸಿಕ್ಕಿದ ನಿಯಮ. ಸುಮಾರು ಇದೇ ಕಾಲದಲ್ಲಿ ಅಮೆರಿಕದ ಜೋಸೆಫ್ ಹೆನ್ರಿಯೂ ಸ್ವತಂತ್ರವಾಗಿ ಇದನ್ನು ಕಂಡುಕೊಂಡಿದ್ದನು.

ಈ ನಿಯಮಕ್ಕೆ ಇನ್ನೊಂದು ಮುಖವಿದೆ. ೧೮೩೪ರಲ್ಲಿ ರಷ್ಯದಲ್ಲಿದ್ದ ಲೆಂಟ್ಸ್ ಎಂಬ ವಿಜ್ಞಾನಿಯು ಅದನ್ನು ಹೇಳಿದನು: ಹೀಗೆ ಹುಟ್ಟಿದ ಪ್ರವಾಹವು ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನೇ ವಿರೋಧಿಸುತ್ತದೆ. ಅಯಸ್ಕಾಂತವನ್ನು ಒಳಕ್ಕೆ ತಳ್ಳಿದರೆ ಸುರುಳಿಯು ಅದನ್ನು ಹೊರಕ್ಕೆ ನೂಕುತ್ತದೆ. ಹೊರಕ್ಕೆ ಎಳೆದರೆ ಒಳಕ್ಕೆ ಹಿಡಿದೆಳೆಯುತ್ತದೆ. ಬೈಸಿಕಲ್ಲಿಗೆ ಡೈನಮೋ ದೀಪವನ್ನು ಹಾಕಿಕೊಂಡು ಏರು ದಾರಿಯಲ್ಲಿ ಹೋದವರಿಗೆ ಇದರ ಅನುಭವವುಂಟು. ದೀಪವು ಹೊತ್ತಿಕೊಂಡೊಡನೆ ತುಳಿಯುವುದು ಭಾರವಾಗುತ್ತದೆ. ಒಂದು ದೀಪ ಹೆಚ್ಚಾಗಿ ಉರಿಯಬೇಕಾದರೆ ಎಲ್ಲಿಯೋ ಒಬ್ಬರು ಅಷ್ಟು ಹೆಚ್ಚಾಗಿ ತುಳಿಯಬೇಕು, ಅಥವಾ ಅಷ್ಟು ಹೆಚ್ಚು ನೀರು ಬೀಳಬೇಕು. ವಿದ್ಯುತ್ತು ಪ್ರಕೃತಿಯು ಕೊಟ್ಟ ದಾನವಲ್ಲ. ಅದು ಕ್ರಯಕ್ಕೆ ಕೊಂಡ ವಸ್ತು. ಕ್ರಯವನ್ನು ಯಾರು ಕೊಟ್ಟರೆಂಬುದು ನಮ್ಮ ನಾಡಿನ ಚರಿತ್ರೆಯಲ್ಲಿ ಕೇಳಬೇಕಾದ ಪ್ರಶ್ನೆ.

ಫ್ಯಾರಡೆಯ ಸುರುಳಿಯು ಕಾರ್ಖಾನೆಯ ಡೈನಮೋ ಆಗಲು ಸುಮಾರು ಅರ್ಧ ಶತಮಾನವು ಹಿಡಿಯಿತು. ನಮ್ಮ ಸಂಸ್ಥಾನವು ಈ ವಿದ್ಯೆಯನ್ನು ಅಂಗೀಕರಿಸಿದುದು ಮಾತ್ರ ಬಹು ಬೇಗ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಸಂಕಲ್ಪಿತವಾಗಿ, ಜೋಲಿ ಡಿ ಲಾಟ್‌ಬಿನಿಯರ್ ಎಂಬ ಇಂಜನಿಯರ ಯೋಜನೆಯಂತೆ ಕಟ್ಟಲ್ಪಟ್ಟ ಶಿವನಸಮುದ್ರದ ವಿದ್ಯುದಾಗಾರವು ೧೯೦೨ರ ಜೂನ್ ತಿಂಗಳಲ್ಲಿ ಕೆಲಸಮಾಡತೊಡಗಿತು. ಕಾವೇರಿಯು ಬಿದ್ದು ತಿರುಗಿಸಿದ ಯಂತ್ರಗಳ ಶಕ್ತಿಯು ೯೨ ಮೈಲಿ, ಎಂದರೆ ಸುಮಾರು ೧೪೭ ಕಿಲೋಮೀಟರು, ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಹೋಯಿತು. ಅಷ್ಟು ದೂರ ಸಾಗಿಸಲು ಸಾಧ್ಯವಾದುದೂ ಫ್ಯಾರಡೆಯ ಆ ಕಬ್ಬಿಣದ ಬಳೆಯಿಂದಲೇ. ಒಂದು ಪಕ್ಕದಲ್ಲಿ ಕೆಲವು ಸುತ್ತು, ಇನ್ನೊಂದು ಪಕ್ಕದಲ್ಲಿ ಬಹಳ ಸುತ್ತು ತಂತಿಯಿದ್ದರೆ, ಹಿಂದುಮುಂದಾಗಿ ಬದಲಾಗುತ್ತಿರುವ ಪ್ರವಾಹದ ಒತ್ತಡವನ್ನು ಬೇಕಾದಂತೆ ಏರಿಸಬಹುದು, ಇಳಿಸಬಹುದು. ಇದೇ ಟ್ರಾನ್ಸ್‌ಫಾರ್ಮರು. ಒತ್ತಡವನ್ನು ಹತ್ತರಷ್ಟು ಮಾಡಿದರೆ ಅದೇ ಶಕ್ತಿಗೆ ಹತ್ತನೆಯ ಒಂದು ಪಾಲು ಪ್ರವಾಹವು ಸಾಕು. ತಂತಿಯು ಬಿಸಿಯಾಗಿ ಆಗುವ ನಷ್ಟವು ನೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಬೆಂಗಳೂರಿನ ಬೀದಿಗಳಲ್ಲಿ ೧೯೦೫ರಲ್ಲಿಯೂ ಮೈಸೂರಿನಲ್ಲಿ ೧೯೦೮ರಲ್ಲಿಯೂ ಈ ನದಿಯ ದೀಪಗಳು ಹೊತ್ತಿದವು. ಮೊದಲು ಗಣಿಗೆ, ಆಮೇಲೆ ನಗರಕ್ಕೆ ಎಂಬ ಕ್ರಮವನ್ನು ಇಲ್ಲಿ ಗಮನಿಸಬೇಕು.

ಮಲೆನಾಡಿನ ನದಿಗಳ ಸರದಿಯು ತರುವಾಯ ಬಂದಿತು. ಜೋಗದ ಬಳಿಯ ವಿದ್ಯುದಾಗಾರವು ೧೯೪೮ರಲ್ಲಿ ಪ್ರಾರಂಭವಾಯಿತು. ಅದಕ್ಕಾಗಿ ಶರಾವತಿಗೆ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟನ್ನು ೧೯೬೪ರ ಲಿಂಗನಮಕ್ಕಿ ಜಲಾಶಯವು ತನ್ನೊಳಗೆ ಮುಳುಗಿಸಿಕೊಂಡಿತು. ನಮ್ಮ ಮೂರು ತಾಲ್ಲೂಕುಗಳಿಗೆ ಸಮೀಪದ ಕಥೆಯು ಭದ್ರೆಯದು. ಶೃಂಗೇರಿಯನ್ನೂ ಕೊಪ್ಪ ತಾಲ್ಲೂಕಿನ ಹರಿಹರಪುರವನ್ನೂ ತೊಳೆದು ಹೋಗುವ ತುಂಗೆಯು ಇಲ್ಲಿ ಬಹುಮಟ್ಟಿಗೆ ತನ್ನಿಚ್ಛೆಯಂತೆ ಹರಿಯುತ್ತದೆ. ಅವಳ ಒಡಹುಟ್ಟು ಭದ್ರೆಯು ಬಾಳೆಹೊನ್ನೂರನ್ನು ದಾಟಿ ನರಸಿಂಹರಾಜಪುರದ ಕಡೆಗೆ ಬರುವಷ್ಟರಲ್ಲಿ ನಿಂತುಬಿಡುತ್ತಾಳೆ. ಲಕ್ಕವಳ್ಳಿಯಲ್ಲಿ ೧೯೬೦ರ ದಶಕದಲ್ಲಿ ಪೂರ್ಣವಾದ ಅಣೆಕಟ್ಟು ಅವಳನ್ನು ಹಿಡಿದಿದೆ. ಹಿಂದೆ ಎಡೇಹಳ್ಳಿಯೆಂದು ಕರೆಯಲ್ಪಟ್ಟು, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ನೆನಪಿಗಾಗಿ ಈಗಿನ ಹೆಸರನ್ನು ಪಡೆದ ನರಸಿಂಹರಾಜಪುರದ ಆಸುಪಾಸಿನ ಗದ್ದೆಗಳೂ ಹಳ್ಳಿಗಳೂ ಹಿನ್ನೀರಿನಡಿಗೆ ಹೋದುವು. ಆ ನೀರಿನಿಂದ ಬಯಲುಸೀಮೆಯ ಹೊಲಗಳು ಹಸುರಾದುವು. ಕಾಲುವೆಗೆ ಬೀಳುವ ನೀರಿನಿಂದ ವಿದ್ಯುತ್ತೂ ಹುಟ್ಟುತ್ತದೆ. ಲೆಂಟ್ಸನ ನಿಯಮವು ಸುರುಳಿಯಲ್ಲಿ ಹೇಳುವ ಲೆಕ್ಕವನ್ನು ಇಲ್ಲಿ ನೆಲವು ಹೇಳುತ್ತಿದೆ. ದೀಪವು ಉರಿದ ಊರು ಒಂದು, ಭಾರವನ್ನು ತುಳಿದ ಊರು ಇನ್ನೊಂದು.

ಇನ್ನು ಕುದುರೆಮುಖದ ಬೆಟ್ಟಕ್ಕೆ ಹಿಂದಿರುಗೋಣ. ಸಂಪತ್ ಅಯ್ಯಂಗಾರ್ಯರು ಕಂಡ ಅದಿರಿನಲ್ಲಿ ಕಬ್ಬಿಣದ ಅಂಶವು ಶೇಕಡಾ ೪೦ಕ್ಕಿಂತಲೂ ಕಡಮೆ. ಅದನ್ನು ಹಾಗೆಯೇ ಕುಲುಮೆಗೆ ಹಾಕುವಂತಿರಲಿಲ್ಲ. ೧೯೭೬ರಲ್ಲಿ ಸ್ಥಾಪಿತವಾದ ಕುದುರೆಮುಖ ಕಬ್ಬಿಣದ ಅದಿರಿನ ಕಂಪೆನಿಯು ಕಲ್ಲನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಅಯಸ್ಕಾಂತದ ಉರುಳೆಗಳ ಮೇಲೆ ಹಾಯಿಸಿತು. ಅಯಸ್ಕಾಂತವು ಕಬ್ಬಿಣದ ಕಣಗಳನ್ನು ಹಿಡಿದುಕೊಂಡು ಕಲ್ಲಿನ ಪುಡಿಯನ್ನು ಬಿಟ್ಟುಬಿಡುತ್ತಿತ್ತು. ಕಣಾದನ ಸೂಜಿಯು ಸರಿದಂತೆಯೇ ಬೆಟ್ಟವೊಂದು ಕಣಕಣವಾಗಿ ಸರಿದು, ಸುಮಾರು ೬೭ ಕಿಲೋಮೀಟರು ಉದ್ದದ ಕೊಳವೆಯಲ್ಲಿ ಕೆಸರಾಗಿ ಮಂಗಳೂರಿಗೆ ಇಳಿಯಿತು. ಬಿಟ್ಟುಹೋದ ಹೂಳು ಭದ್ರೆಯ ನೀರನ್ನು ಕದಡುತ್ತಿದೆಯೆಂದೂ, ಕಾಡು ಹಾಳಾಗುತ್ತಿದೆಯೆಂದೂ ವಿರೋಧವು ಎದ್ದಿತು. ಸುಪ್ರೀಂ ಕೋರ್ಟಿನ ೨೦೦೨ರ ಆಜ್ಞೆಯಂತೆ ೨೦೦೫ರ ಕೊನೆಗೆ ಗಣಿಯು ನಿಂತಿತು. ಅದರೊಡನೆ ಗಣಿಯನ್ನೇ ನಂಬಿದ ಕುಟುಂಬಗಳ ಜೀವನವೂ ಅಲ್ಲಾಡಿತು. ಆ ಕ್ರಯವನ್ನೂ ಲೆಕ್ಕಕ್ಕೆ ಸೇರಿಸುವುದೇ ನ್ಯಾಯ.

ವಿದ್ಯುತ್ತು ಮತ್ತು ಅಯಸ್ಕಾಂತಗಳ ಸಂಬಂಧವು ತಂತಿಯಲ್ಲಿಯೇ ಮುಗಿಯುವುದಿಲ್ಲ. ಫ್ಯಾರಡೆಯು ಗಣಿತವನ್ನು ಬಲ್ಲವನಲ್ಲ. ಅಯಸ್ಕಾಂತದ ಸುತ್ತಲಿನ ಬರಿಯ ಎಡೆಯೂ ಬಲರೇಖೆಗಳಿಂದ ತುಂಬಿದೆಯೆಂದು ಅವನು ಮನಸ್ಸಿನಲ್ಲಿ ಚಿತ್ರಿಸಿಕೊಂಡಿದ್ದನು. ಸ್ಕಾಟ್ಲೆಂಡಿನ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ಲನು ಆ ಚಿತ್ರವನ್ನು ಸಮೀಕರಣಗಳಾಗಿ ಬರೆದನು. ಬದಲಾಗುವ ಅಯಸ್ಕಾಂತ ಕ್ಷೇತ್ರವು ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸುವಂತೆ, ಬದಲಾಗುವ ವಿದ್ಯುತ್ ಕ್ಷೇತ್ರವು ಅಯಸ್ಕಾಂತ ಕ್ಷೇತ್ರವನ್ನು ಹುಟ್ಟಿಸಬೇಕೆಂದು ಅವನು ಕಂಡನು. ಹಾಗಾದರೆ ಒಂದು ಇನ್ನೊಂದನ್ನು ಹುಟ್ಟಿಸುತ್ತ, ತಂತಿಯಿಲ್ಲದೆಯೂ ಅಲೆಯಾಗಿ ಮುಂದುವರಿಯಬೇಕು. ಆ ಅಲೆಯ ವೇಗವನ್ನು ಲೆಕ್ಕಹಾಕಿದಾಗ ಬೆಳಕಿನ ವೇಗಕ್ಕೆ ಸರಿಹೊಂದಿತು. ಬೆಳಕೂ ವಿದ್ಯುದಯಸ್ಕಾಂತದ ಅಲೆಯೇ ಎಂಬ ಈ ಸಿದ್ಧಾಂತವು ೧೮೬೫ರಲ್ಲಿ ಪ್ರಕಟವಾಯಿತು. ಇಪ್ಪತ್ತು ವರ್ಷಗಳ ಮೇಲೆ ಜರ್ಮನಿಯ ಹರ್ಟ್ಸನು ಅಂಥ ಅಲೆಗಳನ್ನು ಪ್ರಯೋಗಶಾಲೆಯಲ್ಲಿ ಎಬ್ಬಿಸಿದನು; ೧೮೯೫ರ ವೇಳೆಗೆ ಕಲ್ಕತ್ತೆಯಲ್ಲಿ ಜಗದೀಶ ಚಂದ್ರ ಬೋಸರು ಅತಿ ಸಣ್ಣ ಅಲೆಗಳನ್ನು ಎಬ್ಬಿಸಿ ಗೋಡೆಗಳನ್ನು ದಾಟಿಸಿ ತೋರಿಸಿದರು.

ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ೩೦ ವಾಟುಗಳ ಒಂದು ಪ್ರೇಷಕ ಯಂತ್ರವನ್ನಿಟ್ಟು ಬಾನುಲಿಯನ್ನು ಪ್ರಾರಂಭಿಸಿದರು. ಮನೆಯ ಒಂದು ದೀಪಕ್ಕೆ ಸಾಲುವಷ್ಟು ಶಕ್ತಿ ಅದು. ‘ಆಕಾಶವಾಣಿ’ಯೆಂದು ಅದಕ್ಕೆ ಬಂದ ಹೆಸರು ಮುಂದೆ ಭಾರತದ ಬಾನುಲಿಗೆಲ್ಲ ಹೆಸರಾಯಿತು. ಇಂಥ ನಿಲಯಗಳ ಮಧ್ಯಮ ತರಂಗಗಳ ಉದ್ದವು ನೂರಾರು ಮೀಟರು. ಅವು ಗುಡ್ಡಗಳನ್ನು ಬಳಸಿಕೊಂಡು ಕಣಿವೆಗೆ ಇಳಿಯಬಲ್ಲವು. ಮೊಬೈಲ್ ದೂರವಾಣಿಯ ಅಲೆಗಳಾದರೋ ಗೇಣುದ್ದದವು. ಗುಡ್ಡದ ನೆರಳಿನಲ್ಲಿ ನಿಂತುಹೋಗುತ್ತವೆ. ೨೦೨೦ರಲ್ಲಿ ಶಾಲೆ ಕಾಲೇಜುಗಳು ಮುಚ್ಚಿ ಪಾಠಗಳು ದೂರವಾಣಿಯ ಮೂಲಕ ನಡೆಯತೊಡಗಿದಾಗ, ಮಲೆನಾಡಿನ ಎಷ್ಟೋ ವಿದ್ಯಾರ್ಥಿಗಳು ಕೊಡೆ ಹಿಡಿದು ಗುಡ್ಡದ ನೆತ್ತಿಯನ್ನು ಹತ್ತಬೇಕಾಯಿತು. ಮ್ಯಾಕ್ಸ್‌ವೆಲ್ಲನ ಸಮೀಕರಣಗಳು ಪಕ್ಷಪಾತವನ್ನರಿಯವು. ಗೋಪುರವನ್ನು ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವವರು ಮನುಷ್ಯರು.

ಕೊನೆಯದಾಗಿ ಒಂದು ಸಣ್ಣ ಯಂತ್ರದ ವಿಚಾರ. ಮಲೆನಾಡಿನ ಮನೆಗಳು ಬಯಲುಸೀಮೆಯಂತೆ ಒತ್ತಾಗಿ ಕೂಡಿಲ್ಲ. ಒಂದು ತೋಟ, ಒಂದು ಮನೆ, ನಡುವೆ ಕಾಡು. ಆಷಾಢದ ಗಾಳಿಗೆ ಮರವೊಂದು ತಂತಿಯ ಮೇಲೆ ಬಿದ್ದರೆ ದಿನಗಟ್ಟಲೆ ಕತ್ತಲೆ. ಇಂಥ ಒಂಟಿಮನೆಗಳಲ್ಲಿ ಕೆಲವರು ಮೇಲಿನ ಹಳ್ಳದ ನೀರನ್ನು ಕೊಳವೆಯಲ್ಲಿ ಇಳಿಸಿ, ಅದರ ರಭಸದಿಂದ ಪುಟ್ಟ ಚಕ್ರವನ್ನೂ ಡೈನಮೋವನ್ನೂ ತಿರುಗಿಸಿ ತಮ್ಮ ವಿದ್ಯುತ್ತನ್ನು ತಾವೇ ಪಡೆಯುತ್ತಾರೆ. ಲೆಕ್ಕವು ಸುಲಭ. ಸೆಕೆಂಡಿಗೆ ೧೦ ಲೀಟರು ನೀರು ೨೦ ಮೀಟರು ಎತ್ತರದಿಂದ ಬಿದ್ದರೆ ಅದರ ಶಕ್ತಿಯು ಸುಮಾರು ೨,೦೦೦ ವಾಟು. ಕೊಳವೆ ಮತ್ತು ಯಂತ್ರಗಳಲ್ಲಿ ಅರ್ಧವು ಕಳೆದರೂ ಒಂದು ಕಿಲೋವಾಟು ಉಳಿಯುತ್ತದೆ. ದೀಪಗಳಿಗೆ ಬೇಡವಾದಾಗ ಆ ಶಕ್ತಿಯನ್ನು ಸ್ನಾನದ ನೀರು ಕಾಯಿಸಲು ತಿರುಗಿಸುವುದೂ ಉಂಟು. ಮಳೆಯು ಜೋರಾದಷ್ಟೂ ಸರಕಾರದ ತಂತಿಯು ಕಡಿದು ಬೀಳುವ ಭಯ ಹೆಚ್ಚು, ಈ ಯಂತ್ರಕ್ಕೆ ಬಲ ಹೆಚ್ಚು. ಬೇಸಗೆಯಲ್ಲಿ ಹಳ್ಳವು ಬತ್ತಿದರೆ ಯಂತ್ರವೂ ನಿಲ್ಲುತ್ತದೆ.

ಈ ಸಣ್ಣ ಯಂತ್ರಗಳಿಂದ ನಗರಗಳು ಬೆಳಗಲಾರವು, ಕಾರ್ಖಾನೆಗಳು ನಡೆಯಲಾರವು. ದೊಡ್ಡ ವಿದ್ಯುದಾಗಾರಗಳು ಬೇಡವೆಂದು ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಅವುಗಳಲ್ಲಿ ಒಂದು ಪಾಠವುಂಟು. ಹಳ್ಳದ ನೀರನ್ನು ಕೊಳವೆಗೆ ಇಳಿಸಿದ ಮನೆಯವನಿಗೆ ತನ್ನ ದೀಪವು ಯಾವ ನೀರಿನಿಂದ ಉರಿಯುತ್ತದೆಂಬುದು ಗೊತ್ತು. ಎಷ್ಟು ನೀರು, ಎಷ್ಟು ಬೆಳಕು ಎಂಬ ಲೆಕ್ಕವೂ ಗೊತ್ತು. ಮೇಲಿನ ಕಾಡನ್ನು ಕಡಿದರೆ ತನ್ನ ಹಳ್ಳವು ಮಾಘಮಾಸಕ್ಕೇ ಬತ್ತೀತೆಂಬುದೂ ಅವನಿಗೆ ಗೊತ್ತು. ನಗರದಲ್ಲಿ ಗುಂಡಿಯನ್ನೊತ್ತಿ ದೀಪವನ್ನು ಹಚ್ಚುವ ನಮಗೆ ಆ ಲೆಕ್ಕವು ಕಣ್ಣಿಗೆ ಕಾಣದು. ಕಣಾದನ ಮಾತಿನಲ್ಲಿ ಹೇಳುವುದಾದರೆ ನಮ್ಮ ಪಾಲಿಗೆ ಅದು ಅದೃಷ್ಟವಾಗಿಬಿಟ್ಟಿದೆ. ಕಾಣದ್ದನ್ನು ಕಾಣುವಂತೆ ಮಾಡುವುದು ವಿಜ್ಞಾನದ ಕೆಲಸವಾದರೆ, ಕಂಡುದಕ್ಕೆ ಋಣಿಗಳಾಗಿರುವುದು ವಿದ್ಯಾವಂತರ ಕೆಲಸ. ಮುಂದೆ ಯಾವ ಹೊಸ ಯೋಜನೆಯ ಮಾತು ಬಂದರೂ, ಎಷ್ಟು ಬೆಳಕು ಎಂದು ಕೇಳುವುದರ ಜೊತೆಗೆ, ಯಾರ ನೀರು, ಯಾರ ನೆಲ, ಅವರ ಮನೆಯಲ್ಲಿ ದೀಪವಿದೆಯೇ ಎಂದೂ ನಾವು ಕೇಳುವಂತಾದರೆ, ಲೆಂಟ್ಸನ ನಿಯಮವನ್ನು ಓದಿದುದಕ್ಕೆ ಸಾರ್ಥಕವಾಗುತ್ತದೆ.